ಐದನೆಯವಳು

ಪದ್ದುವಿನ ಮೇಲೆ ಇದ್ದ ದೂರು ಒಂದೇ. ಅವಳು ಬಲೆ ಎಳೆದಳು.

ಕದ್ದ ಬಲೆಯಲ್ಲ. ಅವಳ ಮಾವ ಎಳೆದ ಬಲೆ, ಗಂಡ ಎಳೆದ ಬಲೆ, ಗಂಡ ಸತ್ತ ಮೇಲೆ ಹನ್ನೊಂದು ವರ್ಷ ಅವಳೇ ಎಳೆದ ಬಲೆ. ಐವತ್ತನಾಲ್ಕು ವರ್ಷದ ಒಬ್ಬ ಹೆಂಗಸು ಹಗ್ಗ ಹಿಡಿದು ಮರಳಿನ ಮೇಲೆ ನಿಂತದ್ದು ಸಾರ್ವಜನಿಕ ಶಾಂತಿಗೆ ಭಂಗ ಎಂದು ಸರ್ಕಾರದ ಕಾಗದದಲ್ಲಿ ಬರೆದಿತ್ತು. ಆ ಕಾಗದವನ್ನು ಟೈಪ್ ಮಾಡಿದವಳು ಅವಳ ಮಗಳು.

ಹೊಳೆಕೋಡಿಯಲ್ಲಿ ನಲವತ್ತೊಂದು ಮನೆ. ಮರವಂತೆ ದಾಟಿ ಉತ್ತರಕ್ಕೆ ಹೋಗುವ ಬಸ್ಸಿನಲ್ಲಿ ಕೂತವರಿಗೆ ತೆಂಗಿನ ಮರಗಳ ಸಂದಿಯಲ್ಲಿ ಒಂದು ಕ್ಷಣ ಕಂಡು ಮಾಯವಾಗುವ ಕೇರಿ. ಒಂದು ಬದಿಗೆ ಹೆದ್ದಾರಿ, ಇನ್ನೊಂದು ಬದಿಗೆ ಕಡಲು. ಪ್ರತಿ ಮಳೆಗಾಲ ಕಡಲು ಎರಡು ಮಾರು ಒಳಗೆ ಬರುತ್ತದೆ. ರಸ್ತೆ ಅಗಲ ಮಾಡಿದಾಗ ಹೆದ್ದಾರಿಯೂ ಹತ್ತು ಮಾರು ಒಳಗೆ ಬಂತು. ನಡುವೆ ಉಳಿದದ್ದು ಮರಳು. ಆ ಮರಳಿನ ಮೇಲೆ ಕೈರಂಪಣಿ ನಡೆಯುತ್ತಿತ್ತು.

ಕೈರಂಪಣಿ ಬಡವರ ಬಲೆ. ಇಂಜಿನ್ ಬೇಡ, ಡೀಸೆಲ್ ಬೇಡ. ಜನ ಬೇಕು. ದೋಣಿಯವರು ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಅದರ ಎರಡು ತುದಿಯ ಹಗ್ಗವನ್ನು ದಡಕ್ಕೆ ತರುತ್ತಾರೆ. ಒಂದೊಂದು ಹಗ್ಗಕ್ಕೆ ಹನ್ನೆರಡು ಹದಿಮೂರು ಜನ. ಹಿಂದಕ್ಕೆ ಹೆಜ್ಜೆಯಿಡುತ್ತ ಎಳೆಯಬೇಕು. ಹಗ್ಗ ಸೊಂಟವನ್ನು ತಿನ್ನುತ್ತದೆ. ಹಿಮ್ಮಡಿ ಮರಳಿನಲ್ಲಿ ಹೂತುಹೋಗುತ್ತದೆ. ಒಬ್ಬ ಸಡಿಲ ಬಿಟ್ಟರೆ ಅವನ ಭಾರ ಪಕ್ಕದವನ ಬೆನ್ನಿಗೆ. ಎರಡು ತಾಸು ಹೀಗೆ ಎಳೆದರೆ ಬಲೆ ದಡ ಮುಟ್ಟುತ್ತದೆ. ಕೇರಿಯ ಗಂಡಸರು ಒಬ್ಬೊಬ್ಬರಾಗಿ ಮಲ್ಪೆಯ ಬೋಟಿಗೆ, ಮುಂಬೈಯ ಕ್ಯಾಂಟೀನಿಗೆ ಹೋದ ಮೇಲೆ ಹಗ್ಗಕ್ಕೆ ಜನ ಸಾಲದೆ ಹೋಯಿತು. ಆಗ ಮೊದಲು ಹಗ್ಗ ಹಿಡಿದ ಹೆಂಗಸು ಪದ್ದು. ಮುಟ್ಟಾದ ದಿನವೂ ಎಳೆದಳು. ಗರ್ಭಕೋಶ ತೆಗೆಸಿದ ಮೂರನೇ ತಿಂಗಳೂ ಎಳೆದಳು. ಎಳೆದು ಮುಗಿಸಿ, ಬುಟ್ಟಿ ತಲೆಯ ಮೇಲಿಟ್ಟು, ಹೆದ್ದಾರಿ ದಾಟಿ ಮನೆಮನೆಗೆ ಮೀನು ಮಾರಿದಳು. ಹಾಗೆ ಮಗಳು ಚಂದನಾಳನ್ನು ಬಿ.ಕಾಂ. ಓದಿಸಿದಳು. ಚಂದನಾ ಈಗ ತಾಲೂಕು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಇದ್ದಳು. ಗುತ್ತಿಗೆ ಕೆಲಸ. ವರ್ಷ ವರ್ಷವೂ ನವೀಕರಣ ಆಗಬೇಕು.

ಜನವರಿಯಲ್ಲಿ ಬಲೆ ಎಳೆಯುವ ಜಾಗದಲ್ಲಿ ಕಬ್ಬಿಣದ ಕಂಬಗಳು ಬಂದವು. ದೊಡ್ಡಮನೆಯ ಭೋಜರಾಜ ರೆಸಾರ್ಟ್ ಕಟ್ಟಿಸುತ್ತಿದ್ದ. ಮುಂಬೈಯಲ್ಲಿ ಅವನಿಗೆ ಆರು ಹೋಟೆಲು. ದಡವನ್ನು ಮೂವತ್ತು ವರ್ಷಕ್ಕೆ ಗುತ್ತಿಗೆಗೆ ಪಡೆದ ಕಾಗದ ಅವನಲ್ಲಿತ್ತು. ಕೇರಿಯವರಲ್ಲಿ ಕಾಗದ ಇರಲಿಲ್ಲ. ದಡಕ್ಕೆ ಕಾಗದ ಮಾಡಿಸಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಫೆಬ್ರುವರಿಯಲ್ಲಿ ಕೇರಿಯ ಹೆಂಗಸರು ಕಂಬಗಳ ಎದುರು ಕೂತರು. ಒಂಬತ್ತು ದಿನ ಕೂತರು. ಕಲ್ಲು ಎಸೆಯಲಿಲ್ಲ. ಬೈಯಲೂ ಇಲ್ಲ. ಹತ್ತನೇ ದಿನ ಹೆಡ್ ಕಾನ್‌ಸ್ಟೆಬಲ್ ರತೀಶ್ ಬಂದು ಬಲೆ ಇಡುವ ಚಪ್ಪರದ ಕಂಬಕ್ಕೆ ಒಂದು ಹಾಳೆ ಅಂಟಿಸಿದ. ರತೀಶ್ ಕುಂದಾಪುರದ ಕೋಡಿ ಕಡೆಯವನು. ಅವನ ಅಮ್ಮನೂ ಮೀನು ಮಾರಿದವಳೇ. ಹಾಳೆಯನ್ನು ಅವನು ಗಟ್ಟಿಯಾಗಿ ಓದಿದ. ದಡದಿಂದ ಇನ್ನೂರು ಮೀಟರಿನೊಳಗೆ ಐದು ಅಥವಾ ಅದಕ್ಕಿಂತ ಹೆಚ್ಚು ಜನ ಒಂದೆಡೆ ಸೇರುವುದನ್ನು ಎರಡು ತಿಂಗಳ ಕಾಲ ನಿಷೇಧಿಸಿದೆ. ಅನುಮತಿ ಪಡೆದ ಕಾಮಗಾರಿಗೆ ಈ ಆದೇಶ ಅನ್ವಯಿಸುವುದಿಲ್ಲ.

"ಅಂದ್ರೆ ಎಂತ ರತೀಶ?" ಪದ್ದು ಕೇಳಿದಳು.

"ಐದ್ ಜನ ಒಟ್ಟ್ ಸೇರುಕಾಗ ಪದ್ದಕ್ಕ. ನಾಲ್ಕ್ ಜನ ಇದ್ರೆ ಅಡ್ಡಿಲ್ಲ."

"ಅಲ್ಲ್ ಕಂಬ ಹುಗಿತಿದ್ದವ್ರ್ ನಲ್ವತ್ ಜನ ಇದ್ರಲೆ?"

"ಅದ್ ಕಾಮಗಾರಿ. ಅವ್ರಿಗೆ ಅನುಮತಿ ಇತ್ತ್."

"ನಾಲ್ಕ್ ಜನ ರಂಪಣಿ ಎಳುದ್ ಹ್ಯಾಂಗೆ?"

ರತೀಶ್ ಗೋಂದಿನ ಡಬ್ಬಿ ಮುಚ್ಚಿದ. "ನಂಗ್ ಗೊತ್ತಿಲ್ಲೆ. ನಾನ್ ಓದುಕೆ ಬಂದದ್ದ್."

ಸಂಜೆ ಚಂದನಾ ಬಸ್ಸಿಳಿದು ಬಂದವಳು ತಲೆ ಎತ್ತದೆ ಊಟಕ್ಕೆ ಕೂತಳು. ಪದ್ದು ಅವಳ ಮುಖ ನೋಡಿದಳು. ಅರ್ಥವಾಯಿತು.

"ನೀ ಟೈಪ್ ಮಾಡ್ದದ್ದಾ ಹೆಣೆ?"

"ಸಾಹೇಬ್ರ್ ಹೇಳ್ದಾಂಗೆ ಮಾಡ್ದೆ ಅಮ್ಮ. ನಾನಲ್ದಿದ್ರೆ ಬೇರೆಯವ್ರ್ ಮಾಡ್ತಿದ್ರ್. ನನ್ ಕೆಲ್ಸ ಹೋತಿತ್ತ್."

ಪದ್ದು ಬಂಗುಡೆಯ ದೊಡ್ಡ ತುಂಡನ್ನು ಮಗಳ ಬಟ್ಟಲಿಗೆ ಹಾಕಿದಳು.

ಎರಡು ತಿಂಗಳು ಮುಗಿಯಿತು. ಮರುದಿನವೇ ಅದೇ ಕಂಬಕ್ಕೆ ಹೊಸ ಹಾಳೆ ಬಂತು. ಅದೇ ಮಾತು, ಬೇರೆ ತಾರೀಕು. ಆಮೇಲೆ ಮೂರನೆಯದು. ಆಮೇಲೆ ನಾಲ್ಕನೆಯದು. ಕುಂದಾಪುರದ ವಕೀಲೆ ಅಮಿತಾ ಶುಲ್ಕ ಕೇಳದೆ ಹೈಕೋರ್ಟಿಗೆ ಅರ್ಜಿ ಹಾಕಿದಳು. ಅದು ವಿಚಾರಣೆಗೆ ಬರುವಷ್ಟರಲ್ಲಿ ಆ ಆದೇಶದ ಅವಧಿ ತೀರಿತ್ತು.

"ತೀರ್ದ ಆದೇಶದ್ ಮೇಲೆ ಎಂತ ವಿಚಾರಣೆ ಅಂದೇಳಿ ಅರ್ಜಿ ಮುಚ್ಚಿದ್ರ್," ಅಮಿತಾ ಚಪ್ಪರದಲ್ಲಿ ಕೂತು ಹೇಳಿದಳು. "ಹೊಸ ಆದೇಶಕ್ಕೆ ಹೊಸ ಅರ್ಜಿ ಹಾಕ್ಕ್. ಅದ್ ಬಪ್ಪತಿಗೆ ಇದೂ ತೀರತ್ತ್."

"ಹಂಗಾರೆ ಇದ್ಕೆ ಕೊನೆ ಇಲ್ಯಾ?" ಎಂದು ಕೇಳಿದವನು ಗುಡ್ಡ. ಬಲೆಯ ಯಜಮಾನಿಕೆ ಅವನದು. ಅರವತ್ತೆಂಟು ವರ್ಷ.

"ಎಲ್ಲಾ ಕಾನೂನಿನೊಳ್ಗೇ ಇತ್ತ್ ಗುಡ್ಡಣ್ಣ. ಅದೇ ಕಷ್ಟ ಆದ್ದ್."

ಒಂದು ದಿನ ಅವರು ಕಾನೂನಿನ ಪ್ರಕಾರವೇ ಎಳೆದು ನೋಡಿದರು. ಈ ಹಗ್ಗಕ್ಕೆ ಇಬ್ಬರು, ಆ ಹಗ್ಗಕ್ಕೆ ಇಬ್ಬರು. ಉಳಿದವರು ಇನ್ನೂರು ಮೀಟರು ದೂರದಲ್ಲಿ, ಹೆದ್ದಾರಿಯ ಅಂಚಿನಲ್ಲಿ ನಿಂತು ನೋಡಿದರು. ಬಲೆ ಒಂದು ಗೇಣು ಬರಲಿಲ್ಲ. ಸೆಳೆತ ಆ ನಾಲ್ವರನ್ನೇ ಕಡಲ ಕಡೆಗೆ ಎಳೆಯಿತು. ಕಂಬದ ಆಚೆ ಕೆಲಸ ಮಾಡುತ್ತಿದ್ದವರು ಫೋನಿನಲ್ಲಿ ವಿಡಿಯೋ ಮಾಡಿ ನಕ್ಕರು.

ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಬೂತಾಯಿ ಬಂತು. ಮೂರು ವರ್ಷದಿಂದ ಕಾಣದಿದ್ದ ಬೂತಾಯಿ ಮೀನಿನ ಹಿಂಡು. ದಡಕ್ಕೆ ಇಷ್ಟು ಹತ್ತಿರ, ನೀರು ಕಪ್ಪಾಗಿ ಕುದಿಯುತ್ತಿತ್ತು. ಹಕ್ಕಿಗಳು ಕಲ್ಲಿನ ಹಾಗೆ ಬೀಳುತ್ತಿದ್ದವು. ಯಾರೂ ಯಾರನ್ನೂ ಕರೆಯಲಿಲ್ಲ. ಇಪ್ಪತ್ತಾರು ಜನ ದಡದಲ್ಲಿದ್ದರು. ಗುಡ್ಡ ದೋಣಿ ನೂಕಿದ. ಬಲೆ ಬಿತ್ತು. ಹಗ್ಗ ಬಂತು. ಎಳೆದರು.

ಏಳು ತಿಂಗಳ ನಂತರ ಹಗ್ಗ ಸೊಂಟಕ್ಕೆ ಕೂತಾಗ ಪದ್ದುವಿಗೆ ನೋವಾಯಿತು. ಆ ನೋವು ಅವಳಿಗೆ ಬೇಕಾಗಿತ್ತು. ಪಕ್ಕದಲ್ಲಿ ನೆರೆಮನೆಯ ಸುಗುಣ, ಅವಳ ಹಿಂದೆ ಅವಳ ಅತ್ತೆ, ಎಲ್ಲರ ಉಸಿರೂ ಒಂದೇ ಲೆಕ್ಕದಲ್ಲಿ ಹೋಗುತ್ತಿತ್ತು. ಬಲೆ ಅರ್ಧ ದೂರ ಬಂದಾಗ ಜೀಪಿನ ಸದ್ದು ಕೇಳಿತು.

ಇಳಿದವನು ಹೊಸ ಎಸ್ಸೈ. ಘಟ್ಟದ ಮೇಲಿನವನು. ಅವನು ಬೆರಳು ತೋರಿಸಿ ಒಬ್ಬೊಬ್ಬರನ್ನೇ ಎಣಿಸಿದ.

"ಇಪ್ಪತ್ತಾರು ಜನ ಇದ್ದೀರಿ. ಆದೇಶ ಗೊತ್ತಲ್ಲ? ನಾಲ್ಕು ಜನ ಇರಿ, ಉಳಿದವರು ಹೊರಡಿ. ಎರಡು ನಿಮಿಷ ಕೊಡ್ತೀನಿ."

"ಒಂದ್ ತಾಸ್ ಸಾರ್," ಗುಡ್ಡ ಹಗ್ಗ ಬಿಡದೆ ಹೇಳಿದ. "ಬಲೆ ದಡ ಮುಟ್ಲಿ. ಮತ್ತೆ ಎಲ್ಲ ಹೋತ್ರ್."

"ಎರಡು ನಿಮಿಷ ಅಂದೆ."

ಎಸ್ಸೈ ಫೋನು ತೆಗೆದು ಒಬ್ಬೊಬ್ಬರ ಮುಖದ ವಿಡಿಯೋ ಮಾಡತೊಡಗಿದ. ಫೋನು ತನ್ನ ಕಡೆ ತಿರುಗುತ್ತಲೇ ಸುಗುಣ ಹಗ್ಗ ಬಿಟ್ಟಳು. ಅವಳ ಗಂಡನ ಪಾಸ್‌ಪೋರ್ಟ್ ಅರ್ಜಿ ಸ್ಟೇಷನ್ನಿನಲ್ಲಿತ್ತು. ಅವಳ ಅತ್ತೆ ಬಿಟ್ಟಳು. ಆಚೆ ಹಗ್ಗದಲ್ಲಿ ಮೂವರು ಬಿಟ್ಟರು. ಒಬ್ಬರು ಬಿಟ್ಟಾಗಲೆಲ್ಲ ಅವರ ಭಾರ ಉಳಿದವರ ಮೈಗೆ ಬಂತು. ಪದ್ದು ಹಿಂದೆ ತಿರುಗಿ ನೋಡಲಿಲ್ಲ. ಹಗ್ಗ ಭಾರವಾದದ್ದರಲ್ಲೇ ಎಷ್ಟು ಜನ ಹೋದರೆಂದು ಅವಳಿಗೆ ತಿಳಿಯುತ್ತಿತ್ತು.

ಕೊನೆಗೆ ಆಚೆ ಇಬ್ಬರು ಉಳಿದರು. ಈಚೆ ಗುಡ್ಡ, ಗುಡ್ಡನ ತಮ್ಮ, ಪದ್ದು.

"ಐದು," ಎಂದ ಎಸ್ಸೈ. "ಹೆಂಗಸು ಹೊರಗೆ ಬಾ. ನೀನು ಬಂದರೆ ಉಳಿದ ನಾಲ್ವರದೂ ಕಾನೂನುಬದ್ಧ. ಅವರನ್ನು ನಾನು ಮುಟ್ಟೋದಿಲ್ಲ."

ಪದ್ದು ಕದಲಲಿಲ್ಲ.

"ಪದ್ದು, ಬಿಡ್," ಗುಡ್ಡ ಹಲ್ಲು ಕಚ್ಚಿಕೊಂಡು ಹೇಳಿದ. ಅವನ ಕುತ್ತಿಗೆಯ ನರ ಉಬ್ಬಿತ್ತು. "ನೀ ಬಿಟ್ರೆ ನಾವ್ ನಾಲ್ಕೇ ಜನ."

"ನಾಲ್ಕ್ ಜನಕ್ಕೆ ಬತ್ತಾ ಬಲೆ?"

ಗುಡ್ಡ ಹಿಮ್ಮಡಿಯನ್ನು ಮರಳಿಗೆ ಇನ್ನಷ್ಟು ಒತ್ತಿದ.

"ಬತ್ತಾ ಗುಡ್ಡಣ್ಣ? ಹೇಳಿ. ಬತ್ತ್ ಅಂದ್ರೆ ಬಿಡ್ತೆ."

ಅವನ ತಮ್ಮ ಅಳುತ್ತಿದ್ದ. ಹಗ್ಗ ಅಂಗೈಯಲ್ಲಿ ಜಾರುತ್ತಿತ್ತು. ಜಾರಿದಷ್ಟೂ ಚರ್ಮ ಹೋಗುತ್ತಿತ್ತು. ಪದ್ದು ಹಗ್ಗವನ್ನು ಮೊಣಕೈಗೆ ಒಂದು ಸುತ್ತು ಸುತ್ತಿಕೊಂಡಳು. ಕಡಲು ಎಳೆಯಿತು. ಅವಳು ಮೊಣಕಾಲೂರಿ ಬಿದ್ದಳು. ಹಾಗೇ ಎಳೆದುಕೊಂಡು ಹೋಯಿತು. ನೀರು ಎದೆಗೆ ಬಂದಾಗ ಇಬ್ಬರು ಮಹಿಳಾ ಪೊಲೀಸರು ಬಂದು ಒಬ್ಬಳು ಜುಟ್ಟು ಹಿಡಿದಳು, ಒಬ್ಬಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಹಗ್ಗ ಹೋಯಿತು. ಬಲೆ ಹೋಯಿತು. ಆ ಕಪ್ಪು ನೀರು ಚದುರಿ ಎಲ್ಲ ಕಡೆಯ ನೀರಿನ ಬಣ್ಣವೇ ಆಯಿತು.

ಮಧ್ಯಾಹ್ನ ಬಲೆ ತಾನಾಗಿ ದಕ್ಷಿಣದ ಕಲ್ಲುಗಳಿಗೆ ಬಂದು ಸಿಕ್ಕಿಕೊಂಡಿತು. ಹರಿದಿತ್ತು. ಪೊಲೀಸರು ಅದನ್ನೂ ಜಪ್ತಿ ಮಾಡಿದ ಮುದ್ದೆಮಾಲು ಎಂದು ಬರೆದುಕೊಂಡು ಲಾರಿಯಲ್ಲಿ ಒಯ್ದು ಸ್ಟೇಷನ್ನಿನ ಅಂಗಳದಲ್ಲಿ ಎಸೆದರು.

ಪದ್ದುವನ್ನು ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ಒದ್ದೆ ಸೀರೆ ಮೈಮೇಲೆಯೇ ಒಣಗಿ ಉಪ್ಪಾಯಿತು. ಅಂಗೈಯ ಮಾಂಸ ಕಾಣುತ್ತಿತ್ತು. ಒಬ್ಬ ಪೊಲೀಸು ಮೀನಿನ ವಾಸನೆ ಎಂದು ಫ್ಯಾನನ್ನು ತನ್ನ ಕಡೆ ತಿರುಗಿಸಿಕೊಂಡ. ಹೆಸರು ಬರೆದ ಸ್ಲೇಟು ಕೈಗೆ ಕೊಟ್ಟು ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆದರು. ಸ್ಲೇಟು ಹಿಡಿಯಲು ಕೈ ಬರಲಿಲ್ಲ. ರತೀಶ್ ಬಂದು ಅದನ್ನು ಅವಳ ಎದೆಗೆ ಒತ್ತಿ ಹಿಡಿದ. ಫೋಟೋದಲ್ಲಿ ತನ್ನ ಮುಖ ಬೀಳದ ಹಾಗೆ ಬಗ್ಗಿ ನಿಂತ.

ಇಪ್ಪತ್ತಾರು ಜನಕ್ಕೂ ತಾಲೂಕು ಕಚೇರಿಯಿಂದ ನೋಟಿಸು ಬಂತು. ಒಂದು ವರ್ಷ ಶಾಂತಿ ಕದಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಬರೆದುಕೊಡದಿದ್ದರೆ ಬರೆದುಕೊಡುವವರೆಗೆ ಜೈಲು. ವಾರದೊಳಗೆ ಇಪ್ಪತ್ತೈದು ಜನ ಸಹಿ ಹಾಕಿದರು. ಗುಡ್ಡ ಸಹಿ ಹಾಕಿ ಬಂದ ದಿನ ಪದ್ದುವಿನ ಅಂಗಳದಲ್ಲಿ ನಿಂತ. ಒಳಗೆ ಬರಲಿಲ್ಲ.

"ಜೈಲಂಗ್ ಸಾಯುಕೆ ನಂಗ್ ಮನ್ಸಿಲ್ಲೆ ಪದ್ದು. ಇನ್ನ್ ದಡಕ್ಕೆ ಕಾಲ್ ಇಟ್ರೆ ಮನಿ ಜಪ್ತಿ ಮಾಡ್ತ್ರಂಬ್ರ್."

"ನಾನೆಂತ ಹೇಳ್ದೆ ಗುಡ್ಡಣ್ಣ?"

"ನೀ ಎಂತ ಹೇಳ್ಲಿಲ್ಲ. ಅದ್ಕೇ ಬಂದೆ."

ಕೈ ಸ್ವಲ್ಪ ಒಣಗಿದ ಮೇಲೆ ಪದ್ದು ಬೋಟಿನವರಿಂದ ಮೀನು ಕೊಂಡು ಬುಟ್ಟಿ ಹೊತ್ತಳು. ದೊಡ್ಡಮನೆಗೂ ಹೋದಳು. ಹೋಗಬಾರದು ಎಂದುಕೊಂಡೇ ಹೋದಳು. ಅಲ್ಲಿಗೆ ಹೋಗದಿದ್ದರೆ ಅರ್ಧ ಬುಟ್ಟಿ ಉಳಿಯುತ್ತದೆ. ಭೋಜರಾಜನ ಹೆಂಡತಿ ಕುಸುಮಾವತಿ ಎಂದಿನಂತೆ ಮೆಟ್ಟಿಲ ಮೇಲೆ ನಿಂತು, ತಟ್ಟೆಯನ್ನು ಕೆಳಗಿನ ಕಲ್ಲಿನ ಮೇಲಿಟ್ಟಳು. ಪದ್ದು ಅಂಗಳದಲ್ಲಿ ನಿಂತು, ತಟ್ಟೆಗೆ ಕೈ ತಾಗದ ಹಾಗೆ ಮೀನು ಹಾಕಿದಳು. ಮೂವತ್ತು ವರ್ಷದಿಂದ ಹೀಗೆಯೇ.

ಭೋಜರಾಜ ಜಗಲಿಯ ಕುರ್ಚಿಯಲ್ಲಿದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಪದ್ದು, ನಂಗೂ ನಿಂಗೂ ಎಂತ ದ್ವೇಷ? ಒಂದ್ ಸೈನ್ ಹಾಕಿ ಬಾ. ರೆಸಾರ್ಟಂಗೆ ರೂಮ್ ಗುಡ್ಸುಕೆ ಜನ ಬೇಕ್. ಮೊದ್ಲ್ ನಿಂಗೇ ಕೊಡ್ತೆ."

"ನಾನ್ ಬಲೆ ಎಳುವವ್ಳ್ ಒಡೇರೆ."

"ಕಾಣ್, ನನ್ ಅಜ್ಜನ ಕಾಲ್ದಂಗೆ ಅವ್ರ್ ಬಾಯಲ್ಲ್ ಒಂದ್ ಮಾತ್ ಹೇಳ್ರೆ ಸಾಕಿತ್ತ್, ದಡ ಖಾಲಿ ಆತಿತ್ತ್. ನಾನ್ ಹಂಗ್ ಮಾಡ್ದವ ಅಲ್ಲ. ಒಂದ್ ಕಲ್ಲ್ ಇಡುಕೂ ಪರ್ಮಿಶನ್ ತಕಂಡಿದ್ದೆ. ಎಲ್ಲಾ ಕಾಯ್ದೆ ಪ್ರಕಾರ."

ಪದ್ದು ಬುಟ್ಟಿಯನ್ನು ತಲೆಗೆ ಏರಿಸಿಕೊಂಡಳು. "ನಿಮ್ ಅಜ್ಜ ಬಾಯಲ್ಲ್ ಹೇಳುವತಿಗೆ ನಮ್ ಅಜ್ಜಿ ಬೀದಿಯಂಗ್ ನಿಂತ್ ಬೈತಿದ್ರಂಬ್ರ್. ಈ ಕಾಗ್ದಕ್ಕೆ ಬೈದ್ರೆ ಯಾರಿಗ್ ಕೇಣ್ತ್?"

ಕುಸುಮಾವತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮರುದಿನದಿಂದ ಆ ಮನೆಯ ಗೇಟು ಪದ್ದುವಿಗೆ ತೆರೆಯಲಿಲ್ಲ.

ವಿಚಾರಣೆಯ ದಿನ ಅವಳು ಹತ್ತು ಗಂಟೆಗೆ ತಾಲೂಕು ಕಚೇರಿಗೆ ಹೋದಳು. ಮಧ್ಯಾಹ್ನ ಎರಡರವರೆಗೆ ಹೊರಗೆ ನಿಂತಳು. ಕರೆದಾಗ ಒಳಗೆ ತಹಶೀಲ್ದಾರರಿದ್ದರು, ಪಕ್ಕದ ಮೇಜಿನಲ್ಲಿ ಕಂಪ್ಯೂಟರಿನ ಎದುರು ಚಂದನಾ ಇದ್ದಳು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ. ಅಮಿತಾ ತಕರಾರು ಸಲ್ಲಿಸಿದಳು. ತಹಶೀಲ್ದಾರರು ಅದನ್ನು ತೆಗೆದುಕೊಂಡು ಕಡತಕ್ಕೆ ಸೇರಿಸಿದರು. ಓದಲಿಲ್ಲ. ಸಭ್ಯ ಮನುಷ್ಯ. ಪದ್ದುವಿಗೆ ಕುರ್ಚಿ ತೋರಿಸಿದರು.

"ನೋಡಿಮ್ಮ, ಅವತ್ತು ಇಪ್ಪತ್ತೊಂದು ಜನ ಆದೇಶ ಪಾಲಿಸಿದರು. ನಾಲ್ಕು ಜನ ಕಾನೂನಿನ ಮಿತಿಯೊಳಗಿದ್ದರು. ಐದನೆಯವರು ನೀವು. ನೀವು ಹಗ್ಗ ಬಿಟ್ಟಿದ್ದರೆ ಅಲ್ಲಿ ಅಪರಾಧವೇ ಇರುತ್ತಿರಲಿಲ್ಲ."

"ನಾನ್ ಬಿಟ್ರೆ ಬಲೆಯೂ ಇರ್ತಿರ್ಲಿಲ್ಲ ಸಾಹೇಬ್ರೆ."

"ಬಲೆ ಇಲ್ಲಿ ವಿಷಯವಲ್ಲ."

"ಮತ್ತೆ ಎಂತ ವಿಷ್ಯ? ನಾನ್ ಯಾರ್ ಶಾಂತಿ ಕೆಡ್ಸಿದ್ದೆ, ಅವ್ರನ್ನ ಕರೀನಿ. ಅವ್ರ್ ಕಾಲಿಗ್ ಬೀಳ್ತೆ."

ತಹಶೀಲ್ದಾರರು ಕನ್ನಡಕ ತೆಗೆದು ಒರೆಸಿದರು. "ಸಾರ್ವಜನಿಕ ಶಾಂತಿ ಅಂದರೆ ಒಬ್ಬರದಲ್ಲ. ನಾನು ಕಾನೂನು ಮಾಡಿದವನಲ್ಲಮ್ಮ, ಪಾಲಿಸುವವನು. ಇಲ್ಲಿ ಒಂದು ಸಹಿ ಹಾಕಿ, ಮನೆಗೆ ಹೋಗಿ. ನಿಮ್ಮ ಮಗಳು ಇಲ್ಲೇ ಕೆಲಸ ಮಾಡ್ತಾಳೆ. ಒಳ್ಳೆ ಹುಡುಗಿ. ಡಿಸೆಂಬರಿಗೆ ಅವಳ ನವೀಕರಣ ಬರುತ್ತೆ. ಅವಳ ಬಗ್ಗೆಯೂ ಯೋಚಿಸಿ."

ಕೀಬೋರ್ಡಿನ ಸದ್ದು ನಿಂತಿತು. ಪದ್ದು ಆಗ ಮಗಳನ್ನು ನೋಡಿದಳು. ಚಂದನಾಳ ಕಣ್ಣು ಸಹಿ ಹಾಕು ಎನ್ನುತ್ತಿತ್ತು. ಅದರಲ್ಲಿ ಸಂಶಯವಿರಲಿಲ್ಲ. ರಾತ್ರಿಯೆಲ್ಲ ಅವಳು ಅದನ್ನೇ ಬೇಡಿಕೊಂಡಿದ್ದಳು. ಹಾಕಿಬಿಡು ಅಮ್ಮ, ಒಂದು ಕಾಗದ ಅಷ್ಟೇ ಎಂದಿದ್ದಳು.

ಪದ್ದು ಪೆನ್ನು ಹಿಡಿದಳು. ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಹಾಳೆಯ ಮೊದಲ ಸಾಲನ್ನು ಬೆರಳಿಟ್ಟು ಓದಿದಳು. ಶಾಂತಿ ಭಂಗ ಉಂಟುಮಾಡಿರುವ ನಾನು. ಅಲ್ಲಿಗೆ ನಿಲ್ಲಿಸಿದಳು.

"ಇದ್ ನಾನಲ್ಲ," ಎಂದಳು. ಪೆನ್ನನ್ನು ಮೇಜಿನ ಮೇಲಿಟ್ಟಳು. "ಹಾಕ್ತಿಲ್ಲೆ."

ತಹಶೀಲ್ದಾರರು ನಿಟ್ಟುಸಿರಿಟ್ಟು ಚಂದನಾಳ ಕಡೆ ತಿರುಗಿ ಹೇಳಿಕೊಡತೊಡಗಿದರು. ಎದುರುದಾರಳು ಮುಚ್ಚಳಿಕೆ ನೀಡಲು ನಿರಾಕರಿಸಿದ್ದರಿಂದ. ಕೀಬೋರ್ಡು ಮತ್ತೆ ಸದ್ದು ಮಾಡಿತು. ಚಂದನಾ ಒಂದಕ್ಷರ ತಪ್ಪದೆ ಟೈಪ್ ಮಾಡಿದಳು. ಪ್ರಿಂಟ್ ತೆಗೆದಳು. ಮೂರು ಪ್ರತಿ. ಅವುಗಳಿಗೆ ಪಿನ್ನು ಚುಚ್ಚುವಾಗ ಅವಳ ಬೆರಳಿಗೆ ಚುಚ್ಚಿತು. ರಕ್ತ ಹಾಳೆಗೆ ತಾಗದ ಹಾಗೆ ಬೆರಳನ್ನು ಬಾಯಿಗಿಟ್ಟುಕೊಂಡಳು.

ಜೈಲಿನ ಹೆಂಗಸರ ಕೋಣೆಯಲ್ಲಿ ಎಂಟು ಜನ. ಹೊರಗೆ ಐದು ಜನ ಸೇರಬಾರದು. ಇಲ್ಲಿ ಒಂದೇ ಕೋಣೆಯಲ್ಲಿ ಎಂಟು ಜನರನ್ನು ಅದೇ ಕಾನೂನು ಸೇರಿಸಿತ್ತು. ಒಂದು ಕಕ್ಕಸು. ಬಾಗಿಲಿಲ್ಲ, ಅರ್ಧ ಗೋಡೆ. ಮೊದಲ ಮೂರು ದಿನ ಪದ್ದುವಿಗೆ ಅಲ್ಲಿ ಕೂರಲು ಆಗಲಿಲ್ಲ. ನಾಲ್ಕನೇ ದಿನ ಕೂತಳು.

ಪ್ರತಿ ಬೆಳಿಗ್ಗೆ ಜೈಲಿನ ಅಧಿಕಾರಿ ಆ ಹಾಳೆ ತರುತ್ತಿದ್ದ. ಸಹಿ ಹಾಕಿದರೆ ಈಗಲೇ ಬಿಡುತ್ತೇವೆ ಎನ್ನುತ್ತಿದ್ದ. ಪ್ರತಿ ಬೆಳಿಗ್ಗೆ ಅವಳು ಇಲ್ಲ ಎನ್ನುತ್ತಿದ್ದಳು. ನಿಮ್ಮನ್ನು ನಾವು ಇಟ್ಟುಕೊಂಡಿಲ್ಲ, ನೀವೇ ಇದ್ದೀರಿ ಎಂದು ಅವನು ಒಮ್ಮೆ ಹೇಳಿದ. ಕೋಣೆಯ ಇತರ ಹೆಂಗಸರಿಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು. ಗಂಡನನ್ನು ಕಡಿದು ಬಂದ ನವ್ಯಶ್ರೀ ಎಂಬುವಳು ನೇರವಾಗಿ ಕೇಳಿದಳು.

"ನಂಗ್ ಹಂಗಿದ್ದ್ ಒಂದ್ ಕಾಗ್ದ ಕೊಟ್ರೆ ಎರಡ್ ಕೈಯಂಗೂ ಸೈನ್ ಹಾಕ್ತಿದ್ದೆ. ನಿಂಗೆಂತ ಕ್ವಾಪ ಅಕ್ಕ? ಯಾರ್ ಮೇಲ್?"

ಪದ್ದು ಮನಸ್ಸಿನಲ್ಲೇ ಒಬ್ಬೊಬ್ಬರನ್ನು ಎಣಿಸಿದಳು. ಭೋಜರಾಜನ ಮೇಲೆ ಎನ್ನೋಣವೆಂದರೆ ಅವನು ಅವಳನ್ನು ಮುಟ್ಟಿರಲಿಲ್ಲ. ತಹಶೀಲ್ದಾರರು ಕುರ್ಚಿ ಕೊಟ್ಟಿದ್ದರು. ರತೀಶ್ ಸ್ಲೇಟು ಹಿಡಿದಿದ್ದ. ಟೈಪ್ ಮಾಡಿದವಳು ತನ್ನದೇ ಹೊಟ್ಟೆಯಲ್ಲಿ ಹುಟ್ಟಿದವಳು. ಹೊಡೆಯಬೇಕೆಂದರೆ ಎದುರಿಗೆ ಒಂದು ಮುಖವೂ ಇರಲಿಲ್ಲ.

ದಿನ ಹೋದ ಹಾಗೆ ಅವಳ ಅಂಗೈಯಲ್ಲಿ ಹೊಸ ಚರ್ಮ ಬಂತು. ಮಗುವಿನದರ ಹಾಗೆ ಮೆತ್ತಗೆ, ನಸುಗೆಂಪು. ಅದನ್ನು ಕಂಡರೆ ಅವಳಿಗೆ ಹೇಸಿಗೆಯಾಗುತ್ತಿತ್ತು. ಮೈಯ ಮೀನಿನ ವಾಸನೆ ಹೋಗಿ ಫಿನಾಯಿಲಿನ ವಾಸನೆ ಬಂತು. ಮಲಗಿದರೆ ಚಂದನಾಳ ಯೋಚನೆ. ಒಬ್ಬಳೇ ಮನೆಯಲ್ಲಿ. ಡಿಸೆಂಬರಿಗೆ ನವೀಕರಣ. ಅದು ಹೋದರೆ ಬಿ.ಕಾಂ. ಓದಿದ ಹುಡುಗಿ ಸಿಗಡಿ ಸುಲಿಯುವ ಶೆಡ್ಡಿಗೆ ಹೋಗಬೇಕು. ತಾನು ಎಳೆದ ಎಲ್ಲ ಹಗ್ಗ ಅದೊಂದು ಆಗಬಾರದು ಎಂದೇ ಅಲ್ಲವೇ? ಹದಿನೆಂಟನೇ ರಾತ್ರಿ ಅವಳು ನಿರ್ಧರಿಸಿದಳು. ಶಾಂತಿ ಭಂಗ ಉಂಟುಮಾಡಿರುವ ನಾನು. ಆಗಲಿ. ಆ ನಾನು ತಾನಲ್ಲ ಎಂದು ತನಗೆ ಗೊತ್ತಿದ್ದರೆ ಸಾಕು.

ಬೆಳಿಗ್ಗೆ ಅಧಿಕಾರಿ ಬಂದಾಗ ಕೈ ಚಾಚಿದಳು. "ಕೊಡಿ. ಹಾಕ್ತೆ."

ಅವನಿಗೆ ಆಶ್ಚರ್ಯವಾಯಿತು. ಸಂತೋಷವೂ ಆಯಿತು. ಆಫೀಸಿಗೆ ಕರೆದೊಯ್ದು ಕೂರಿಸಿ, ಸ್ಟಾಂಪ್ ಪ್ಯಾಡು ಹುಡುಕತೊಡಗಿದ. ಅಷ್ಟರಲ್ಲಿ ಗೇಟಿನವನು ಬಂದು, ಈಯಮ್ಮನ ಮಗಳು ಭೇಟಿಗೆ ಬಂದಿದ್ದಾಳೆ ಎಂದ.

"ಸಹಿ ಹಾಕಿ ಒಟ್ಟಿಗೇ ಮನೆಗೆ ಹೋಗಬಹುದಲ್ಲ," ಎಂದ ಅಧಿಕಾರಿ.

"ಒಂದ್ ಸಲ ಕಂಡ್ ಬತ್ತೆ," ಎಂದಳು ಪದ್ದು. ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡು ಹೋದಳು. ಮಗಳಿಗೆ ತೋರಿಸಿ, ಅವಳು ನಗುವುದನ್ನು ನೋಡಿ ಸಹಿ ಹಾಕಬೇಕೆಂದಿದ್ದಳು.

ಜಾಲರಿಯ ಆಚೆ ಚಂದನಾ ನಿಂತಿದ್ದಳು. ಬಡವಾಗಿದ್ದಳು. ಆಫೀಸಿಗೆ ತೊಡುವ ಚೂಡಿದಾರ್ ಅಲ್ಲ, ಮನೆಯ ನೈಟಿಯ ಮೇಲೆ ಶಾಲು ಹೊದ್ದಿದ್ದಳು.

"ಇವತ್ ಆಫೀಸ್ ಇಲ್ಯಾ ಹೆಣೆ?"

"ಇಲ್ಲ ಅಮ್ಮ. ಇನ್ನ್ ಇಲ್ಲ."

ಪದ್ದು ಜಾಲರಿ ಹಿಡಿದಳು.

"ಶುಕ್ರವಾರ ಐದ್ನೇ ಆದೇಶ ಟೈಪ್ ಮಾಡುಕ್ ಹೇಳ್ರ್. ಹಳೇದೇ ಇತ್ತ್, ತಾರೀಕ್ ಬದಲ್ಸಿರೆ ಸಾಕಿತ್ತ್. ಆತಿಲ್ಲ ಸರ್ ಅಂದೆ. ಎಂತಕ್ ಅಂತಲೂ ಕೇಣ್ಲಿಲ್ಲ ಅವ್ರ್. ಪಕ್ಕದ್ ಟೇಬಲ್ಲಿನವ್ಳನ್ನ ಕರ್ದ್ರ್. ಹತ್ ನಿಮಿಷದಂಗೆ ಮಾಡಿ ಕೊಟ್ಲ್. ಸಂಜಿಗೆ ಕಂಬಕ್ಕೆ ಅಂಟಿತ್ತ್." ಚಂದನಾ ಮೂಗು ಒರೆಸಿಕೊಂಡಳು. "ಎಂತ ಪ್ರಯೋಜ್ನ ಆಯ್ಲಿಲ್ಲ ಅಮ್ಮ. ನಾಳೆಂದ ಬಪ್ಪುದ್ ಬ್ಯಾಡ ಅಂದ್ರ್, ಅಷ್ಟೆ."

ಮಗಳ ಕೈ ಜಾಲರಿಯ ಮೇಲಿತ್ತು. ಪದ್ದು ಅದರ ಮೇಲೆ ತನ್ನ ಕೈ ಇಡಲು ನೋಡಿದಳು. ತಂತಿ ಅಡ್ಡ ಬಂತು.

"ಊಟ ಮಾಡಿದ್ಯಾ?"

"ಗುಡ್ಡಣ್ಣನ ಮನ್ಯಂಗೆ." ಚಂದನಾ ದನಿ ತಗ್ಗಿಸಿದಳು. "ನಾಳೆ ಬೆಳಿಗ್ಗೆ ದಡಕ್ಕೆ ಹೋತ್ರ್. ಗುಡ್ಡಣ್ಣ, ಸುಗುಣಕ್ಕ, ಅವ್ರ್ ಅತ್ತೆ. ಒಂಬತ್ ಜನ ಬತ್ತೆ ಅಂದಿದ್ರ್. ನಾನ್ ಸೇರಿರೆ ಹತ್ತ್."

"ಸೈನ್ ಹಾಕಿದವ್ರಲ್ದಾ ಅವ್ರೆಲ್ಲ? ಹೋರೆ ಒಳ್ಗ್ ಹಾಕ್ತ್ರ್."

"ಗೊತ್ತಿತ್ತ್ ಅವ್ರಿಗೆ."

"ಬಲೆ ಸ್ಟೇಷನ್ನಂಗೆ ಇತ್ತ್. ಬಲೆ ಇದ್ರೂ ಹತ್ ಜನಕ್ಕೆ ಬತ್ತಿಲ್ಲ. ಎಂತಕ್ ಹೋಪ್ದ್?"

ಚಂದನಾ ಅಮ್ಮನ ಮುಖವನ್ನೇ ನೋಡಿದಳು.

"ಐದಕ್ಕಿಂತ ಹೆಚ್ಚಾಯ್ತಲೆ," ಎಂದಳು.

ಗೇಟಿನವನು ಹೊತ್ತಾಯಿತು ಎಂದ. ಚಂದನಾ ಶಾಲು ಸರಿಮಾಡಿಕೊಂಡು ಹೊರಟಳು. ಬಾಗಿಲ ಹತ್ತಿರ ಒಮ್ಮೆ ತಿರುಗಿ ನೋಡಿ ಹೋದಳು.

ಅಧಿಕಾರಿ ಸ್ಟಾಂಪ್ ಪ್ಯಾಡು ಹುಡುಕಿಟ್ಟುಕೊಂಡು ಕಾಯುತ್ತಿದ್ದ. ಪೆನ್ನಿನ ಮುಚ್ಚಳ ತೆಗೆದು ಮುಂದೆ ಮಾಡಿದ. ಪದ್ದು ಹಾಳೆಯನ್ನು ಮಡಚದೆ, ಹರಿಯದೆ, ಮೇಜಿನ ಮೇಲಿಟ್ಟಳು.

"ಬ್ಯಾಡ," ಎಂದಳು. "ಒಳ್ಗೆ ಇನ್ನ್ ಹತ್ ಜನಕ್ಕೆ ಜಾಗ ಮಾಡಿ."